ಕರ್ನಲ್ ಸಾಹೇಬರ ಪಡಿಯಚ್ಚು

ಮಿಲಿಟರಿ ಆಸ್ಪತ್ರೆಯ ಮೂರನೇ ವಾರ್ಡಿನಲ್ಲಿ ಮಲಗಿದ್ದ ನಾಯಕ್ ಯಮನಪ್ಪ, ಬಾಗಿಲಲ್ಲಿ ಕರ್ನಲ್ ಈರಣ್ಣ ತುರಮರಿಯವರನ್ನು ಕಂಡ ಕೂಡಲೇ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ. ಅವನ ಎಡಗಾಲು ಮೊಣಕಾಲಿನಿಂದ ಕೆಳಗೆ ಇರಲಿಲ್ಲ. ನೋವಿಗೆ ಹಾಗೆ ಮಾಡಿದನೇನೋ ಎಂದುಕೊಂಡು ತುರಮರಿಯವರು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಹ್ಯಾಂಗದೀಯೋ ಯಮನಪ್ಪ?"

ಯಮನಪ್ಪ ಗೋಡೆಗೆ ಹೇಳಿದ ಹಾಗೆ ಹೇಳಿದ: "ನೀವು ಬರ್ತೇನಂದಿದ್ರಿ ಸಾಹೇಬ್ರ."

"ಯಾವಾಗಪಾ?"

"ಸೆಟ್ಟಿನ್ಯಾಗ. ಸುಬೇದಾರ್ ಸಾಹೇಬ್ರು ಜೋರ್ ಮಾಡಿ ಎಲ್ಲಾರಿಗೂ ಕೇಳಿಸಿದ್ರು. ಮದಲ ನೀವು ರೊಟ್ಟಿ ಎಷ್ಟ ಉಳದಾವು ಅಂತ ಕೇಳಿದ್ರಿ. ಆಮ್ಯಾಲ, 'ನಾ ಹೊಂಟ ಬಿಟ್ಟೇನಿ, ದಾರಿಯಾಗ ಅದೇನಿ, ಎರಡು ತಾಸು ತಡೀರಿ' ಅಂದ್ರಿ. ನಾವು ತಡದ್ವಿ." ಈಗ ಅವನು ತಿರುಗಿ ನೋಡಿದ. "ಮೂರು ತಾಸು ತಡದ್ವಿ ಸಾಹೇಬ್ರ."

ಆ ದಿನ ತುರಮರಿಯವರು ಯಮನಪ್ಪನಿದ್ದ ಏಳನೇ ಮೆಟ್ಟಿಲಿನ ಠಾಣ್ಯಕ್ಕೆ ಒಂದು ಮಾತನ್ನೂ ಹೇಳಿರಲಿಲ್ಲ. ಹೇಳುವ ಹಾಗೇ ಇರಲಿಲ್ಲ. ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಎರಡು ದಾಟುವವರೆಗೆ ಅವರ ಬಂಕರಿನ ರೇಡಿಯೋ ಸೆಟ್ಟು ಸತ್ತು ಬಿದ್ದಿತ್ತು.

ಈ ಮಾತಿನ ಬುಡ ಸಿಗಬೇಕಾದರೆ ಮೂರು ವರ್ಷ ಹಿಂದಕ್ಕೆ ಹೋಗಬೇಕು.

ಆ ಕಾಲಕ್ಕೆ ಯುದ್ಧ ಮನುಷ್ಯನ ಕೈ ಮೀರಿ ಓಡತೊಡಗಿತ್ತು. ಒಂದು ಕಣಿವೆಯ ಹಣೆಬರಹ ನಾಲ್ಕು ನಿಮಿಷದಲ್ಲಿ ಬರೆದು ಮುಗಿಯುತ್ತಿತ್ತು. ಕಮಾಂಡರ್ ನಿದ್ದೆಯಲ್ಲಿದ್ದರೆ, ಗಾಯಗೊಂಡಿದ್ದರೆ, ಅಥವಾ ವೈರಿ ರೇಡಿಯೋ ಅಡ್ಡಗಟ್ಟಿದರೆ ಅಷ್ಟರಲ್ಲಿ ಎಲ್ಲ ಮುಗಿದುಹೋಗುತ್ತಿತ್ತು. ಹೀಗಾಗಿ ಆಜ್ಞೆ ಕೊಡುವ ಕೆಲಸವನ್ನೂ ಯಂತ್ರಕ್ಕೇ ವಹಿಸಿ ನೋಡಿದರು. ತಾಲೀಮಿನಲ್ಲಿ ಆ ಯಂತ್ರ ಚಪ್ಪಟೆ ದನಿಯಲ್ಲಿ "ಮುಂದುವರಿಯಿರಿ" ಎಂದಾಗ ಸಿಪಾಯಿಗಳು ಬಂಡೆಯ ಮರೆಯಲ್ಲಿ ಕೂತು ಇಸ್ಪೀಟು ಹಾಕಿದರು. ವಿಚಾರಣೆಗೆ ಕರೆದಾಗ ಸುಬೇದಾರ್ ಫಕ್ಕೀರಪ್ಪ ಕೆಂಗಾನೂರ ದೊಡ್ಡ ಸಾಹೇಬರ ಎದುರಿಗೇ ಕೇಳಿದ್ದ: "ಸ್ವಿಚ್ ಒತ್ತಿದ ಕೂಡ್ಲೆ ಸಾಯಾಕ ನಾವೇನು ಪಂಪ್‌ಸೆಟ್ಟೇನ್ರಿ?"

ಆ ಮಾತು ಮೇಲಿನವರಿಗೆ ನಾಟಿತು. ಸಿಪಾಯಿ ಆಜ್ಞೆಗೆ ಸಾಯುವುದಿಲ್ಲ, ಆಜ್ಞೆ ಕೊಟ್ಟವನ ಮೇಲಿನ ನಂಬಿಕೆಗೆ ಸಾಯುತ್ತಾನೆ ಎಂಬುದು ಅವರಿಗೆ ತಿಳಿಯಿತು. ತಿಳಿದ ಮೇಲೆ ಸುಮ್ಮನಿರುತ್ತಾರೆಯೇ? ಆ ನಂಬಿಕೆಯನ್ನೇ ಅಚ್ಚು ಹಾಕಲು ಹೊರಟರು. ಯಂತ್ರಕ್ಕೆ ಯುದ್ಧ ಕಲಿಸುವ ಬದಲು ಒಬ್ಬ ಕಮಾಂಡರನನ್ನೇ ಕಲಿಸಬೇಕು. ಅವನು ಮೊದಲು ಏನು ಕೇಳುತ್ತಾನೆ, ಎಷ್ಟು ಹೊತ್ತು ಸುಮ್ಮನಿರುತ್ತಾನೆ, ಯಾವ ಮಾತಿನಿಂದ ಶುರು ಮಾಡುತ್ತಾನೆ, ಎಲ್ಲವನ್ನೂ. ಇಲಾಖೆ ಅದಕ್ಕೆ ಮಾರುದ್ದದ ಇಂಗ್ಲಿಷ್ ಹೆಸರಿಟ್ಟಿತ್ತು. ಬಾಯಿಗೆ ಬಂದ ಹೆಸರು ಒಂದೇ, ಪಡಿಯಚ್ಚು.

ಮೊದಲು ಆರಿಸಿದ್ದು ತುರಮರಿಯವರನ್ನು. ಧಾರವಾಡದ ಆಚೆ, ಹೊರಗೆ ಬೋರ್ಡೇ ಇಲ್ಲದ ಒಂದು ಕಟ್ಟಡದಲ್ಲಿ ಎರಡೂವರೆ ವರ್ಷ ಅವರನ್ನು ಮರಳಿನ ಮೇಜಿನ ಮುಂದೆ ಕೂಡಿಸಿದರು. ಮೇಜಿನ ಮೇಲೆ ಗುಡ್ಡ, ಹೊಳೆ, ಸೇತುವೆ ಏಳುತ್ತಿದ್ದವು. ಸಾಸಿವೆ ಕಾಳಿನಷ್ಟು ದೀಪಗಳು ಸಿಪಾಯಿಗಳಾಗಿ ಓಡಾಡುತ್ತಿದ್ದವು. ಕರ್ನಲ್ ಸಾಹೇಬರ ಮಣಿಕಟ್ಟಿಗೆ ಒಂದು ಪಟ್ಟಿ. ಅದು ಅವರ ನಾಡಿಯನ್ನು ಹಿಡಿದು ಯಂತ್ರಕ್ಕೆ ಒಪ್ಪಿಸುತ್ತಿತ್ತು. ಕರಾರಿನಲ್ಲಿ ಅವರೇ ಒಂದು ಸಾಲು ಸೇರಿಸಿ ಬರೆಸಿದ್ದರು: ನಾನು ಸತ್ತರೆ, ಇಲ್ಲವೇ ಸಂಪರ್ಕ ಕಡಿದರೆ ಮಾತ್ರ ಇದು ನನ್ನ ಬದಲು ಮಾತಾಡತಕ್ಕದ್ದು.

ಇದನ್ನೆಲ್ಲ ನಡೆಸಿದವಳು ಡಾಕ್ಟರ್ ವೈಜಯಂತಿ ಗುತ್ತಲ. ಮೂವತ್ತೊಂದರ ಚುರುಕು ಹುಡುಗಿ. ಮೊದಲ ತಿಂಗಳು 'ಸರ್' ಎನ್ನುತ್ತಿದ್ದವಳು ಎರಡನೇ ತಿಂಗಳಿಗೆ 'ಕಾಕಾ' ಅಂದಳು. ಮೂರನೇ ತಿಂಗಳು ಮನೆಗೆ ಊಟಕ್ಕೆ ಬಂದು, ಕರ್ನಲ್ ಸಾಹೇಬರ ಹೆಂಡತಿ ಅನಸೂಯಾ ಅವರನ್ನು 'ಕಾಕು' ಮಾಡಿಕೊಂಡಳು. ಮಕ್ಕಳಿಲ್ಲದ ಮನೆ. ಅವಳು ಬರುವ ದಿನ ಅನಸೂಯಾ ಎಣ್ಣೆಗಾಯಿ ಪಲ್ಯ ಮಾಡದೆ ಇರುತ್ತಿರಲಿಲ್ಲ.

"ಬಂತ ನೋಡು ಸವಾರಿ ನನ್ನ ಸವತಿ ಮನಿಯಿಂದ," ಎಂದು ಅನಸೂಯಾ ಆ ಯಂತ್ರವನ್ನೇ ಸವತಿ ಮಾಡಿ ಗಂಡನನ್ನು ಕಾಡುತ್ತಿದ್ದರು. "ದಿನಾ ಎಂಟು ತಾಸು ಅಕಿ ಮುಂದ ಕುಂಡ್ರತಾರ. ನನ್ನ ಮುಂದ ಎಂಟು ನಿಮಿಷಾ ಕೂತಿದ್ದ ನೆನಪಿಲ್ಲ."

"ಕಾಕು, ನಿಮ್ಮ ಸವತಿಗೆ ಕಾಕಾನ ಹಂಗ ಗೊರಕಿ ಹೊಡಿಯೋದ ಒಂದ ಕಲಿಸಿಲ್ಲ ನೋಡ್ರಿ," ಎಂದು ವೈಜಯಂತಿ ನಗುತ್ತಿದ್ದಳು.

ಅಂಥದೊಂದು ಊಟದ ಹೊತ್ತಿನಲ್ಲೇ ರೊಟ್ಟಿಯ ಕತೆ ಹೊರಬಿತ್ತು. ತುರಮರಿಯವರು ಮೇಜರ್ ಆಗಿದ್ದಾಗ ಹವಾಲ್ದಾರ್ ಫಕ್ಕೀರಪ್ಪನ ಜೊತೆ ಆರು ದಿನ ಹಿಮದಲ್ಲಿ ಸಿಕ್ಕಿಬಿದ್ದಿದ್ದರು. ಫಕ್ಕೀರಪ್ಪನ ಹೆಂಡತಿ ಬಾಳವ್ವ ಕಟ್ಟಿಕೊಟ್ಟಿದ್ದ, ಒಣಗಿಸಿದ ಕಟಕ ರೊಟ್ಟಿಯ ಗಂಟೇ ಇಬ್ಬರ ಜೀವ ಹಿಡಿದಿದ್ದು. ದಿನಾ ಬೆಳಿಗ್ಗೆ ಮೇಜರ್ ಸಾಹೇಬರು ಕೇಳುವುದು, "ರೊಟ್ಟಿ ಎಷ್ಟ ಉಳದಾವು ಫಕ್ಕೀರಪ್ಪ?" ಅವನು ಇದ್ದಷ್ಟು ಹೇಳುವುದು. ಐದನೇ ದಿನ ಒಂದೇ ಉಳಿದಾಗಲೂ ಅವನು ಒಂದೇ ಎಂದ, ಎರಡು ಎನ್ನಲಿಲ್ಲ. ಅಲ್ಲಿಂದ ಮುಂದೆ ಬಾಳವ್ವ ರೊಟ್ಟಿ ಕಳಿಸಿದಾಗಲೆಲ್ಲ ಸಾಹೇಬರಿಗೂ ಒಂದು ಗಂಟು ಕಟ್ಟುತ್ತಿದ್ದಳು, ಆ ಪ್ರಶ್ನೆಯೂ ಒಂದು ರೂಢಿಯಾಯಿತು. ಬಿಗಿಯಾದ ಆಜ್ಞೆ ಕೊಡುವ ಮುಂಚೆ ತುರಮರಿಯವರು ಆ ಪ್ರಶ್ನೆ ಕೇಳುತ್ತಿದ್ದರು. ಕೇಳಿದರೆಂದರೆ ಮುಂದಿನ ಮಾತು ಕಷ್ಟದ್ದು, ಆದರೆ ಅದರಲ್ಲಿ ಸುಳ್ಳಿಲ್ಲ ಎಂದು ಅರ್ಥ. ಇಬ್ಬರ ನಡುವಿನ ಈ ಗುಟ್ಟನ್ನು ಅವರು ಪ್ರಯೋಗಾಲಯದಲ್ಲಿ ಎಂದೂ ಆಡಿರಲಿಲ್ಲ. ಹೇಳಿದ್ದು ಅನಸೂಯಾ, ತಾಟಿಗೆ ಮೊಸರು ಬಡಿಸುತ್ತ.

ವೈಜಯಂತಿ ಕೈ ತೊಳೆಯಲು ಎದ್ದಾಗ ಅನಸೂಯಾ ಇನ್ನೊಂದು ಮಾತೂ ಹೇಳಿದರು. "ನೋಡವಾ, ಇವರ ಆಟಾ ನೋಡಿ ಇವರು ಹಿಂಗ ಅಂತ ತಿಳೀಬ್ಯಾಡ. ಪಗಡಿ ಹಾಸಿದ್ರ ಕವಡಿ ಮರಸ್ತಾರ, ಕಾಯಿ ಸರಸ್ತಾರ, ದೇವ್ರ ಆಣಿ ಮಾಡಿ ಸುಳ್ಳ ಹೇಳ್ತಾರ. ಸೋಲೂದಂದ್ರ ಆಗಂಗಿಲ್ಲ. ಆದ್ರ ಮನ್ಯಾಗ ಇಪ್ಪತ್ತೆಂಟು ವರ್ಷದಾಗ ಒಂದ ಸುಳ್ಳ ಹೇಳಿಲ್ಲ."

ಅದು ನಿಜವೇ. ಮರಳಿನ ಮೇಜೂ ಕರ್ನಲ್ ಸಾಹೇಬರಿಗೆ ಪಗಡೆಯ ಹಾಸಾಗಿಯೇ ಕಂಡಿತ್ತು. ತಪ್ಪಾದದ್ದು ಅಲ್ಲಿಯೇ. ಆರುನೂರ ಹನ್ನೆರಡನೇ ಆಟ ಅವರಿಗೆ ಚೆನ್ನಾಗಿ ನೆನಪಿತ್ತು. ಎತ್ತರದ ಠಾಣ್ಯದಲ್ಲಿ ಹನ್ನೆರಡು ಜನ. ಕೆಳಗೆ ತೂಗುಸೇತುವೆ ದಾಟುತ್ತಿರುವ ನಾನೂರು ಜನ. ದಾಟಲು ಎರಡು ತಾಸು ಬೇಕು. ಠಾಣ್ಯಕ್ಕೆ ಸಹಾಯ ಕಳಿಸಲಾಗದು. ಹನ್ನೆರಡು ಜನಕ್ಕೆ ಏನು ಹೇಳುತ್ತೀರಿ? ಅವರು ನಿಜ ಹೇಳಿದರು: ಸಹಾಯ ಬರೋದಿಲ್ಲ, ಆದಷ್ಟು ತಡೀರಿ. ಯಂತ್ರದ ಲೆಕ್ಕದಲ್ಲಿ ಆ ಹನ್ನೆರಡು ದೀಪ ನಲವತ್ತು ನಿಮಿಷಕ್ಕೆ ಆರಿದವು, ಸೇತುವೆ ಮೇಲಿನ ನಾನೂರೂ ಆರಿದವು.

"ಸೋತ್ರಿ ಕಾಕಾ," ಎಂದಳು ವೈಜಯಂತಿ.

ಸೋತಿರಿ ಎಂದದ್ದೇ ಸಾಕಾಯಿತು. "ತಡಿ, ಇನ್ನೊಂದು ಸಲ ಹಾಕು," ಎಂದರು. "ಈ ಸಲ ಹೇಳ್ತೇನಿ, ನಾನ ಹೊಂಟೇನಿ, ದಾರಿಯಾಗ ಅದೇನಿ ಅಂತ. ನಂಬಿದಾಂವ ನಾಲ್ಕ ಪಟ್ಟ ತಡೀತಾನ." ನಾನೂರು ದೀಪಗಳು ಸೇತುವೆ ದಾಟಿದವು. ಕರ್ನಲ್ ಸಾಹೇಬರು ಮೀಸೆ ತಿರುವಿದರು.

"ಖರೇನೂ ಹಂಗ ಹೇಳ್ತೀರೇನ್ರಿ ಕಾಕಾ?"

"ಸಾಸಿವಿ ಕಾಳಿಗೆ ಏನ್ ಹೇಳಿದ್ರೇನವಾ," ಎಂದು ನಕ್ಕುಬಿಟ್ಟರು. ಮಣಿಕಟ್ಟಿನ ಪಟ್ಟಿ ಮಾತ್ರ ಆ ಸುಳ್ಳಿನ ಹೊತ್ತಿಗೆ ನಾಡಿ ಎಷ್ಟು ಎಗರಿತ್ತು ಎಂಬುದನ್ನು ಬರೆದುಕೊಂಡಿತ್ತು.

ಮುಂದಿನ ವರ್ಷ ಉತ್ತರದ ಗಡಿಯಲ್ಲಿ ಹೆಚ್ಚುಕಡಿಮೆ ಅದೇ ಆಟ ನಿಜವಾಗಿ ನಡೆಯಿತು. ಏಳನೇ ಮೆಟ್ಟಿಲು ಎಂಬ ಠಾಣ್ಯ, ಅದರಲ್ಲಿ ಫಕ್ಕೀರಪ್ಪ ಮತ್ತು ಹನ್ನೊಂದು ಜನ. ಕೆಳಗೆ ಸೇತುವೆ, ಹಿಂದೆ ಸರಿಯುತ್ತಿದ್ದ ಪಡೆ. ಒಂದೂವರೆ ತಾಸಿನ ಹಾದಿಯ ಕೆಳಗೆ ತುರಮರಿಯವರ ಬಂಕರು, ಅವರ ಕೈಯಲ್ಲಿ ಎಡಗಡೆಯ ಕಣಿವೆ ಕಾಯುವ ಮೂವತ್ತು ಜನ. ಹನ್ನೊಂದಕ್ಕೆ ಸೆಟ್ಟು ಸತ್ತಿತು. ಪರದೆಯ ಮೇಲೆ 'ಹಿಮಗಾಳಿ, ಸಂಪರ್ಕ ಕಡಿತ' ಎಂದು ಬಂತು. ಹಿಮಗಾಳಿ ಎಂದಮೇಲೆ ಮನುಷ್ಯ ಮಾಡುವುದೇನಿದೆ? ಕಾಯುತ್ತ ಕೂತರು. ಬಂಕರಿನ ಬಾಗಿಲಲ್ಲಿ ಬಿಸಿಲು ಬಿದ್ದಿತ್ತು. ಆ ಬಿಸಿಲು ಅವರ ಬೂಟಿನ ತುದಿಯವರೆಗೂ ಬಂದಿತ್ತು. ಅದನ್ನು ಅವರು ನೋಡಿದ್ದರು.

ಸೇತುವೆ ಮೇಲಿನ ನಾನೂರ ಹತ್ತು ಜನ ಉಳಿದರು. ಏಳನೇ ಮೆಟ್ಟಿಲಿನಲ್ಲಿ ಉಳಿದವನು ಯಮನಪ್ಪ ಒಬ್ಬನೇ.

ಆಸ್ಪತ್ರೆಯಿಂದ ಹೊರಬಿದ್ದ ತುರಮರಿಯವರು ಎರಡು ದಿನದ ರೈಲು ಹಿಡಿದು, ಮನೆಗೂ ಹೋಗದೆ, ನೇರ ಬೋರ್ಡಿಲ್ಲದ ಆ ಕಟ್ಟಡಕ್ಕೆ ಹೋದರು. ವೈಜಯಂತಿ ಅವರನ್ನು ಕಂಡು ಎದ್ದು ನಿಂತಳು. ಯಾಕೆ ಬಂದಿರಿ ಎಂದು ಕೇಳಲಿಲ್ಲ. ಕೇಳದೆ ಇದ್ದದ್ದರಿಂದಲೇ ಅವರಿಗೆ ಅರ್ಧ ಗೊತ್ತಾಯಿತು.

"ಹಚ್ಚು," ಎಂದರು.

ಅವಳು ಆ ದಿನದ ಧ್ವನಿಮುದ್ರಣ ಹಚ್ಚಿದಳು. ಗಾಳಿಯ ಸಪ್ಪಳ, ಗುಂಡಿನ ಸಪ್ಪಳ. ನಡುವೆ ತಮ್ಮದೇ ದನಿ. ತಮ್ಮದೇ ಕೆಮ್ಮು. ಫಕ್ಕೀರಪ್ಪನನ್ನು ಕರೆಯುವಾಗ ಮಾತ್ರ ತಾವು ಎಳೆಯುವ ಆ ಎಳೆತ.

"ರೊಟ್ಟಿ ಎಷ್ಟ ಉಳದಾವು ಫಕ್ಕೀರಪ್ಪಾ?"

"ಒಂಬತ್ತ ಅದಾವ್ರಿ ಸಾಹೇಬ್ರ. ಹೇಳ್ರಿ, ಏನಿದ್ರೂ ಹೇಳ್ರಿ."

"ನಾ ಹೊಂಟ ಬಿಟ್ಟೇನಿ. ದಾರಿಯಾಗ ಅದೇನಿ. ಎರಡು ತಾಸು ತಡಿ."

"ನೀವು ಬರ್ತೀರಂದ್ರ ಎರಡ್ಯಾಕ್ರಿ, ಸಂಜೀತನಾ ತಡೀತೇನಿ. ನಿಮ್ಮ ಪಾಲಿನ ಎರಡು ರೊಟ್ಟಿ ತಗದ ಇಡ್ತೇನ್ರಿ."

ತುರಮರಿಯವರು ವೈಜಯಂತಿಯ ಕಡೆ ತಿರುಗಿದರು. ಇಪ್ಪತ್ತು ವರ್ಷ ಒಬ್ಬ ಮನುಷ್ಯ ತನ್ನ ಮೇಲೆ ಇಟ್ಟ ನಂಬಿಕೆಯನ್ನು ಯಾರೋ ತನ್ನ ಜೇಬಿನಿಂದ ಕದ್ದು, ಅದರಿಂದಲೇ ಅವನ ಕುತ್ತಿಗೆ ಕೊಯ್ದಿದ್ದರು. ಕದ್ದವಳು ತನ್ನ ಮನೆಯ ಎಣ್ಣೆಗಾಯಿ ಉಂಡವಳು.

"ರೊಟ್ಟಿ ಮಾತು ಅದಕ್ಕ ನೀ ಹೇಳಿದಿ," ಎಂದರು. "ನನ್ನ ಮನಿ ತಾಟಿನ ಮುಂದ ಕೇಳಿದ್ದು. ಉಂಡ ಮನಿ ಜಂತಿ ಎಣಿಸಿದೆಲ್ಲವಾ."

ವೈಜಯಂತಿ ತಲೆ ತಗ್ಗಿಸಲಿಲ್ಲ. "ಪೂರಾ ಕೇಳ್ರಿ ಕಾಕಾ. ಅವತ್ತು ಗಾಳಿ ಇರಲಿಲ್ಲ. ನಿಮ್ಮ ಸಂಪರ್ಕ ಇಲ್ಲಿಂದನ ಕಡದ್ರು. ಮದಲ ಪಡಿಯಚ್ಚಿಗೆ ಕೇಳಿದ್ರು, ಕರ್ನಲ್‌ಗೆ ತಿಳಿಸಿದ್ರ ಏನ್ ಮಾಡ್ತಾರ ಅಂತ. ಮೂವತ್ತು ಮಂದಿ ಕರ್ಕೊಂಡು ತಾನ ಮ್ಯಾಲ ಹೋಗ್ತಾರ ಅಂತ ಅದು ಹೇಳ್ತು. ಅದಕ್ಕ ಕಡದ್ರು."

"ಕಡದ ಮ್ಯಾಲ ಆ ಸುಳ್ಳ ಹೇಳಂತ ಅದಕ್ಕ ಅಂದ್ರಿ."

"ಅದು ಒಪ್ಪಲಿಲ್ಲ," ಎಂದಳು. "ಮೂರ ಸಲ ಕೇಳಿದ್ರೂ ಒಪ್ಪಲಿಲ್ಲ ಕಾಕಾ. ಖರೇ ಹೇಳ್ತೇನಿ ಅಂತನ ಹಟಾ ಹಿಡೀತು. ನಿಮ್ಮ ನಾಡಿ ಅದರಾಗಿತ್ತಲ್ಲಾ. ಕಡೀಕೆ ಜನರಲ್ ಸಾಹೇಬ್ರು ನನ್ನ ಕಡೆ ನೋಡಿದ್ರು. ಕೆಳಗ ನಾನೂರು ಮಂದಿ ಇದ್ರು. ನಾ ಅದಕ್ಕ..."

"ಏನ್ ಹೇಳಿದಿ?"

"ಇದು ಆಟ ಅಂತ ಹೇಳಿದೆ. ಆರುನೂರಾ ಹನ್ನೆರಡನೇ ಆಟ, ಇನ್ನೊಂದು ಸಲ ಅಂತ."

ತುರಮರಿಯವರು ಗಾಜಿನ ಕಡೆಗೆ ತಿರುಗಿದರು. ಗಾಜಿನ ಆಚೆ, ಮರಳಿನ ಮೇಜಿನ ಪಕ್ಕದಲ್ಲಿ ಪಡಿಯಚ್ಚಿನ ಕಪ್ಪು ಪೆಟ್ಟಿಗೆ ಇತ್ತು. ಅದನ್ನು ಒಡೆದುಹಾಕಬೇಕು ಎಂದು ರೈಲಿನಲ್ಲಿ ಅಂದುಕೊಂಡು ಬಂದಿದ್ದರು. ಈಗ ನೋಡಿದರೆ ಅದರ ಮೇಲೆ ಸಿಟ್ಟು ಬರಲಿಲ್ಲ. ತನಗಾದ ಮೋಸವೇ ಅದಕ್ಕೂ ಆಗಿತ್ತು.

ಅಲ್ಲಿಂದ ನೇರ ಜನರಲ್ ಸಾಹೇಬರ ಕೋಣೆಗೆ ಹೋದರು. ಮೇಜರ್ ಜನರಲ್ ಪಾರ್ಥಸಾರಥಿ ಮೈಸೂರಿನ ಕಡೆಯವರು, ಮೆತ್ತಗೆ ಮಾತಾಡುವ ಮನುಷ್ಯ. ಕಾಫಿ ತರಿಸಿದರು. ಮುಚ್ಚಿಡಲು ಹೋಗಲಿಲ್ಲ.

"ನೋಡಿ ತುರಮರಿ, ನೀವು ಮೇಲಕ್ಕೆ ಹೋಗಿದ್ದರೆ ಎಡಗಡೆಯ ಕಣಿವೆ ಖಾಲಿ ಆಗ್ತಿತ್ತು. ಅಲ್ಲಿಂದ ಅವರು ನುಗ್ಗಿದ್ದರೆ ನಾನೂರು ಜನರೂ ಹೋಗ್ತಿದ್ರು, ನೀವೂ ಹೋಗ್ತಿದ್ರಿ. ಆ ಖುರ್ಚಿಯಲ್ಲಿ ಕೂತು ಇನ್ನೇನು ಮಾಡಬಹುದಿತ್ತು, ನೀವೇ ಹೇಳಿ."

"ನನ್ನನ್ನ ಕೇಳಬಹುದಿತ್ರಿ ಸರ್."

"ಕೇಳಿದ್ದರೆ ನೀವು ಒಪ್ತಿರಲಿಲ್ಲ. ಅದನ್ನು ಹೇಳಿದವರೂ ನೀವೇ ಅಲ್ವಾ?" ಜನರಲ್ ಕಾಫಿ ಲೋಟವನ್ನು ಅವರ ಕಡೆ ಸರಿಸಿದರು. "ಇದು ಹೊರಗೆ ಹೋದರೆ ನಾಳೆ ಒಬ್ಬ ಸಿಪಾಯಿಯೂ ರೇಡಿಯೋದಲ್ಲಿ ಬಂದ ದನಿಯನ್ನು ನಂಬೋದಿಲ್ಲ. ಆ ಆಜ್ಞೆ ನಿಮ್ಮದು. ನಿಮ್ಮದೇ ಅಂತ ದಾಖಲಾಗಿದೆ. ಪದಕಕ್ಕೆ ನಿಮ್ಮ ಹೆಸರು ಹೋಗಿದೆ. ಸುಬೇದಾರರ ಮನೆಯ ಕಡೆ ಸದ್ಯ ಹೋಗಬೇಡಿ. ಅವರ ಯೋಗಕ್ಷೇಮ ನಾವು ನೋಡಿಕೊಳ್ತಿದ್ದೇವೆ."

ಜನರಲ್ ಹೇಳಿದ ಲೆಕ್ಕದಲ್ಲಿ ತಪ್ಪಿರಲಿಲ್ಲ. ಕರ್ನಲ್ ಸಾಹೇಬರಿಗೆ ಸಹಿಸಲಾಗದ್ದು ಅದೇ. ತಪ್ಪಿದ್ದಿದ್ದರೆ ಎದ್ದು ಕೂಗಾಡಬಹುದಿತ್ತು. ನಾನೂರ ಹತ್ತು ಜನ, ಅವರ ಹೆಂಡಿರು, ಮಕ್ಕಳು. ಅವರಿಗೆ ಹೋಗಿ ನೀವು ಸಾಯಬೇಕಿತ್ತು ಎಂದು ಹೇಳಲು ಸಾಧ್ಯವೇ? ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಆದರೆ ಪಕ್ಕದ ಹೊಲ ಉಳಿದಿತ್ತು. ಅವರು ಕಾಫಿ ಕುಡಿದರು. ಮುಂದಿನ ತಿಂಗಳು ಪದಕವನ್ನೂ ಎದೆಗೆ ಚುಚ್ಚಿಸಿಕೊಂಡರು.

ಆ ದಿನ ಮನೆಗೆ ಬಂದಾಗ ಅನಸೂಯಾ ಆರತಿ ಎತ್ತಲಿಲ್ಲ. ಪದಕವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಕೇಳಿದರು: "ಫಕ್ಕೀರಪ್ಪಗ ಆ ಮಾತು ನೀವ ಹೇಳಿದ್ರೇನ್ರಿ? ಪೇಪರಿನ್ಯಾಗ ಬಂದೈತಿ."

"ಹೂಂ," ಎಂದರು ತುರಮರಿಯವರು. ಆಜ್ಞೆ ಹಾಗಿತ್ತು.

ಅನಸೂಯಾ ಗಂಡನ ಮುಖವನ್ನೇ ನೋಡಿದರು. "ಇಷ್ಟ ದಿವಸ ಆಟದಾಗ ಹೇಳ್ತಿದ್ರಿ. ಈಗ ಮನ್ಯಾಗೂ ಶುರು ಮಾಡಿದ್ರಿ." ಪದಕವನ್ನು ಪಗಡೆ ಕಾಯಿಗಳ ಡಬ್ಬಿಗೆ ಹಾಕಿ ಮುಚ್ಚಿದರು. ಆ ರಾತ್ರಿ ತುರಮರಿಯವರು ಎಲ್ಲವನ್ನೂ ಹೇಳಿದರು. ಪೂರಾ ಕೇಳಿದ ಮೇಲೆ ಅನಸೂಯಾ ಅತ್ತರು. ವೈಜಯಂತಿಯ ಹೆಸರು ಹಿಡಿದು ಒಂದೇ ಒಂದು ಮಾತು ಬೈದರು, ಆಮೇಲೆ ಅಂದರು: "ಮುಂಜಾನೆದ್ದು ಬಾಳವ್ವನ ಕಡೆ ಹೋಗ್ರಿ. ಜನರಲ್ ಬ್ಯಾಡಂದ್ರ ಅವರ ಮನಿ ಹೊಸ್ತಿಲಕ್ಕ ಬ್ಯಾಡಂದಿರಬೇಕು. ಅಕಿ ಹೊಸ್ತಿಲಕ್ಕ ಅವರ್ಯಾರು?"

ಬೈಲಹೊಂಗಲದಿಂದ ಹೊಸಮನಿಕೊಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಕರ್ನಲ್ ಸಾಹೇಬರು ಹೇಳಬೇಕಾದ ಮಾತನ್ನು ಹತ್ತು ಸಲ ಜೋಡಿಸಿ ಹತ್ತು ಸಲ ಕೆಡವಿದರು. ಹೆದರಿಕೆ ಒಂದೇ. ಫಕ್ಕೀರಪ್ಪ ಸತ್ತದ್ದು ತನ್ನ ಮಾತು ನಂಬಿ ಎಂದು ಬಾಳವ್ವನಿಗೆ ಗೊತ್ತು. ಅವಳು ಬಾಗಿಲು ಹಾಕಿಕೊಂಡರೆ? ಹಾಕಿಕೊಳ್ಳಲಿ, ಆದರೆ ಹಾಕುವ ಮುಂಚೆ ನಿಜ ಕೇಳಿಸಿಕೊಳ್ಳಲಿ. ತಾನು ಮಾತು ಕೊಟ್ಟು ತಪ್ಪಿದವನಲ್ಲ ಎಂಬ ಒಂದೇ ಮಾತು ಅವಳ ಕಿವಿಗೆ ಬಿದ್ದರೆ ಸಾಕು. ಇಲಾಖೆ ತನ್ನನ್ನು ಜೈಲಿಗೆ ಹಾಕಿದರೂ ಚಿಂತೆಯಿಲ್ಲ.

ಮನೆ ಹುಡುಕಬೇಕಾಗಲಿಲ್ಲ. ಓಣಿಯ ತುದಿಗೇ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಬಾಳವ್ವ ಒಲೆಯ ಮುಂದೆ ಕೂತಿದ್ದಳು. ತಲೆ ಎತ್ತಿ ನೋಡಿ, ಹಿಟ್ಟಿನ ಕೈಯಲ್ಲೇ ಎದ್ದು, ಸೆರಗು ಸರಿಮಾಡಿಕೊಂಡು ನಕ್ಕಳು.

"ಅಯ್ಯ, ಬರ್ರಿ ಸಾಹೇಬ್ರ! ಬರೂದು ಒಂದ ಮಾತ ಹೇಳಬಾರದೇನ್ರಿ? ಹ್ವಾದ ವಾರ ಅಷ್ಟೊತ್ತು ಮಾತಾಡಿದ್ರಿ, ಬರ್ತೇನಂತ ಅನ್ನಲೇ ಇಲ್ಲಾ."

ತುರಮರಿಯವರು ಹೊಸ್ತಿಲಲ್ಲೇ ನಿಂತರು. "ಹ್ವಾದ ವಾರ?"

"ಸೋಮವಾರ್ರಿ. ಪ್ರತಿ ಸೋಮವಾರ ಹನ್ನೊಂದಕ್ಕ ಫೋನ್ ಮಾಡ್ತೀರೆಲ್ಲಾ, ಮರತ್ರೇನು?" ಅವಳು ಚಾಪೆ ಹಾಸಿದಳು, ತಂಬಿಗೆ ನೀರು ತಂದಿಟ್ಟಳು. "ಖರೇ ಹೇಳ್ತೇನ್ರಿ, ಆ ಸುದ್ದಿ ಬಂದ ಮ್ಯಾಲ ನಿಮ್ಮ ಮ್ಯಾಲ ನನಗ ಭಾಳ ಸಿಟ್ಟಿತ್ತು. ಬರ್ತೇನಂತ ಹೇಳಿ ನಮ್ಮಂವನ ಕೈ ಬಿಟ್ರಿ ಅಂತ. ಆಮ್ಯಾಲ ನೀವ ಫೋನಿನ್ಯಾಗ ಹೇಳಿದ್ರೆಲ್ಲಾ, ಅರ್ಧಾ ದಾರಿಗೆ ಬಂದು ಹಿಮದಾಗ ಸಿಕ್ಕೊಂಡಿದ್ದು, ಅಲ್ಲೇ ಕುಂತು ಅತ್ತಿದ್ದು. ಅದನ್ನ ಕೇಳಿ ನನ್ನ ಎದಿ ಹಗರಾತು. ದೊಡ್ಡ ಮನಷ್ಯಾ, ಅಷ್ಟ ಅತ್ತಾನಂದ ಮ್ಯಾಲ ನಾ ಏನ್ ಮನಸಿನ್ಯಾಗ ಇಟ್ಕೊಳ್ಳಿ? ಬಿಟ್ಟೇನ್ರಿ ಸಾಹೇಬ್ರ. ಅವತ್ತ ಬಿಟ್ಟೇನಿ."

ಯೋಗಕ್ಷೇಮ ನೋಡಿಕೊಳ್ಳುತ್ತಿದ್ದೇವೆ ಎಂದು ಜನರಲ್ ಹೇಳಿದ್ದು ಇದಕ್ಕೇ. ತುರಮರಿಯವರು ಚಾಪೆಯ ಮೇಲೆ ಕೂತರು. ಬಾಳವ್ವ ಎರಡು ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಒಂದಿಷ್ಟು ಬೆಣ್ಣೆ ತಾಟಿಗೆ ಹಾಕಿ ಮುಂದಿಟ್ಟಳು. ಈಗ ಸುಮ್ಮನೆ ಉಂಡರೆ ಮುಗಿಯಿತು. ಕ್ಷಮೆ ಆಗಲೇ ಸಿಕ್ಕಿದೆ. ಬೇರೆ ಯಾರಿಗೋ ಸಿಕ್ಕಿದೆ, ಆದರೆ ತನ್ನ ಹೆಸರಿನಲ್ಲಿ ಸಿಕ್ಕಿದೆ. ನಿಜ ಹೇಳಿದರೆ ಹಗುರಾದ ಅವಳ ಎದೆಯ ಮೇಲೆ ಮತ್ತೆ ಕಲ್ಲು ಹೇರಬೇಕು. ಯಾವ ಮರಳಿನ ಮೇಜಿನಲ್ಲೂ ಅವರಿಗೆ ಇಷ್ಟು ಕಷ್ಟವಾಗಿರಲಿಲ್ಲ. ಅವರ ಕೈ ತಾಟಿನ ಕಡೆಗೆ ಹೋಯಿತು.

ಗೂಡಿನಲ್ಲಿಟ್ಟ ಫೋನು ರಿಂಗಾಯಿತು.

ಅಂದು ಸೋಮವಾರ ಎಂಬುದು ತುರಮರಿಯವರಿಗೆ ಆಗ ನೆನಪಾಯಿತು. ಹನ್ನೊಂದು ಹೊಡೆದಿತ್ತು.

ಬಾಳವ್ವ ಸೆರಗಿಗೆ ಕೈ ಒರೆಸಿಕೊಂಡು ಫೋನು ತೆಗೆದಳು. ಅದರ ಮೇಲೆ ಮೂಡಿದ್ದ ಪುಟ್ಟ ಫೋಟೋ ನೋಡಿದಳು. ತನ್ನ ಚಾಪೆಯ ಮೇಲೆ ಕೂತ ಮನುಷ್ಯನನ್ನು ನೋಡಿದಳು. ಫೋನು ರಿಂಗಾಗುತ್ತಲೇ ಇತ್ತು. ಅವಳು ಅದನ್ನು ಜೋರು ಮಾಡಿ ನೆಲದ ಮೇಲೆ, ಇಬ್ಬರ ನಡುವೆ ಇಟ್ಟಳು.

"ಬಾಳವ್ವಾ," ಎಂದಿತು ಕರ್ನಲ್ ಸಾಹೇಬರ ದನಿ. ಸಣ್ಣಗೆ ಕೆಮ್ಮಿತು. "ರೊಟ್ಟಿ ಮಾಡಾಕ ಹತ್ತೀಯೇನು?"

"ಹೂನ್ರಿ," ಎಂದಳು ಬಾಳವ್ವ. ಅವಳ ಕಣ್ಣು ತುರಮರಿಯವರ ಮುಚ್ಚಿದ ಬಾಯಿಯ ಮೇಲಿತ್ತು. "ಸಾಹೇಬ್ರ, ನೀವು ಈಗ ಎಲ್ಲದೀರಿ?"

ಆ ಕಡೆ ಒಂದು ಗಳಿಗೆ ಮೌನ. ಕರ್ನಲ್ ಸಾಹೇಬರು ಎಷ್ಟು ಹೊತ್ತು ಸುಮ್ಮನಿರುತ್ತಿದ್ದರೋ ಅಷ್ಟೇ ಹೊತ್ತು. ಪಡಿಯಚ್ಚಿಗೆ ಆ ಆಟ ಮುಗಿಯಿತು ಎಂದು ಯಾರೂ ಹೇಳಿರಲಿಲ್ಲ.

"ನಿನ್ನ ಕಡೆ ಬರಾಕಂತ ಹೊಂಟ ಬಿಟ್ಟೇನಿ ಬಾಳವ್ವಾ. ದಾರಿಯಾಗ ಅದೇನಿ. ಸ್ವಲ್ಪ ತಡಿ."

ಬಾಳವ್ವ ಬಗ್ಗಿ ಫೋನು ಬಂದ್ ಮಾಡಿದಳು. ಅವಳು ಓದಿದವಳಲ್ಲ. ಪಡಿಯಚ್ಚು, ಮರಳಿನ ಮೇಜು ಯಾವುದೂ ಅವಳಿಗೆ ಗೊತ್ತಿರಲಿಲ್ಲ. ಆದರೆ ತನ್ನ ಗಂಡ ಕಡೆಯ ದಿನ ಕೇಳಿಸಿಕೊಂಡದ್ದು ಯಾವ ದನಿ ಎಂಬುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮೂರು ತಿಂಗಳು ತಾನು ಯಾರ ಮುಂದೆ ಅತ್ತೆ ಎಂಬುದೂ ಅದರ ಹಿಂದೆಯೇ ತಿಳಿದಿರಬೇಕು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಕೈ ತೆಗೆದಾಗ ಕೆನ್ನೆಯ ಮೇಲೆ ಹಿಟ್ಟು ಮೆತ್ತಿತ್ತು.

"ಅವತ್ತ ಮಾತಾಡಿದ್ದು ಇದ. ನೀವಲ್ಲ."

"ನಾ ಅಲ್ಲ ಬಾಳವ್ವಾ. ನನ್ನ ತಂತಿ ಕಡದಿದ್ರು. ದೇವ್ರಾಣಿ, ನನಗ ಗೊತ್ತಿರಲಿಲ್ಲ." ಬಸ್ಸಿನಲ್ಲಿ ಹತ್ತು ಸಲ ಜೋಡಿಸಿದ ಮಾತು ಕೊನೆಗೂ ಹೊರಬಂತು. ಬಂದಮೇಲೆ ಹಗುರಾಗಬೇಕಿತ್ತು.

ಬಾಳವ್ವ ತಲೆ ಆಡಿಸಿದಳು. ನಂಬಿದಳು. ಆಮೇಲೆ, ಸಿಟ್ಟಿಲ್ಲದೆ, ತಿಳಿದುಕೊಳ್ಳಬೇಕೆಂದು ಮಾತ್ರ ಕೇಳಿದಳು:

"ಹಂಗಾರ ಆ ಹೊತ್ತಿನ್ಯಾಗ ನೀವು ಎಲ್ಲಿದ್ರಿ ಸಾಹೇಬ್ರ?"

ತುರಮರಿಯವರ ಕಣ್ಣ ಮುಂದೆ ಬಂಕರಿನ ಬಾಗಿಲು ಬಂತು. ಹಿಮಗಾಳಿ ಎಂದು ಹೇಳುವ ಪರದೆ, ಬೂಟಿನ ತುದಿಗೆ ಬಿದ್ದ ಬಿಸಿಲು. ಒಂದು ಸಲ ಎದ್ದು ಹೊರಗೆ ಬಂದು ಆಕಾಶ ನೋಡಿದ್ದರೆ ಸಾಕಿತ್ತು. ಈ ಪ್ರಶ್ನೆಗೆ ಪಡಿಯಚ್ಚನ್ನು ದೂರುವಂತಿರಲಿಲ್ಲ, ಜನರಲ್ ಸಾಹೇಬರನ್ನೂ ದೂರುವಂತಿರಲಿಲ್ಲ. ಫಕ್ಕೀರಪ್ಪನಂತೆ ಇದ್ದದ್ದನ್ನು ಇದ್ದಷ್ಟೇ ಹೇಳಬೇಕಿತ್ತು.

"ಬಂಕರಿನ್ಯಾಗ ಕುಂತಿದ್ನಿ," ಎಂದರು. "ನೀ ಕಳಿಸಿದ ರೊಟ್ಟಿ ತಿನ್ನಾಕ ಹತ್ತಿದ್ನಿ."

ಬಾಳವ್ವ ಮುಂದೆ ಬಗ್ಗಿ, ಅವರ ಎದುರಿಗಿದ್ದ ತಾಟನ್ನು ಎತ್ತಿಕೊಂಡು ಒಳಗೆ ಹೋದಳು.